ಬಿಡಲು ಕಲಿತರೆ ಸಾಲದು, ಹಿಂದಕ್ಕೆ ಪಡೆಯಲೂ ಕಲಿಯಬೇಕು

(ವಾರ್ಷಿಕ ಜಾತ್ರೋತ್ಸವದ ಅಂಗವಾಗಿ ಜರಗಿದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಬೆಳಗ್ಗಿನಿಂದ ಗಣಹೋಮ, ತುಲಾಭಾರ ಸೇವೆ, ಮಹಾಪೂಜೆ, ಅನ್ನಸಂತರ್ಪಣೆ ಎಲ್ಲವೂ ಸಾಂಗವಾಗಿ ನೆರವೇರಿವೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ರಂಗಪೂಜೆ, ಆ ಬಳಿಕ ಬಯಲಾಟ. ಚೌಕಿಯಲ್ಲಿ ಬಣ್ಣಕ್ಕೆ ಕುಳಿತಾಗಿದೆ ಎಂದು ಕೇಳಿದೆ. ಆದ್ದರಿಂದ ನನ್ನ ಮಾತು ಉದ್ದವಾಗಬಾರದೆಂಬುದು ನನಗೂ ಗೊತ್ತಿದೆ.

ನನಗೆ ಕೊಟ್ಟ ವಿಷಯ, ಮಕ್ಕಳ ಶಿಸ್ತಿಗಾಗಿ ಸಮರಕಲೆಯ ಶಾಲೆಯನ್ನು ಆರಿಸುವುದು ಹೇಗೆ ಎಂಬುದು. ಇದನ್ನು ಕೊಡಲು ಕಾರಣವೂ ಇದೆ. ನಮ್ಮ ದೇವಸ್ಥಾನದ ಸಭಾಭವನದಲ್ಲಿ ವಾರಕ್ಕೆ ಎರಡು ದಿನ ಮಕ್ಕಳಿಗೆ ಇಂತಹ ತರಗತಿ ನಡೆಸುತ್ತೇವೆ, ಜಾಗ ಕೊಡಿ ಎಂದು ಕೇಳಿಕೊಂಡು ಸಮಿತಿಯವರ ಬಳಿಗೆ ಕೆಲವರು ಬಂದಿದ್ದಾರೆ. ಕರಾಟೆಯವರು ಇದ್ದಾರೆ, ಕಳರಿಯವರು ಇದ್ದಾರೆ. ಯಾರಿಗೆ ಕೊಡಬೇಕು, ಕೊಡಬೇಕೇ ಬೇಡವೇ ಎಂಬ ಚರ್ಚೆ ನಡೆದಿದೆ. ‘ಮಾಷ್ಟ್ರೇ, ನೀವು ಮಕ್ಕಳೊಟ್ಟಿಗೆ ಬದುಕಿದವರು, ನೀವೇ ಎರಡು ಮಾತು ಹೇಳಿ’ ಎಂದು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ.

ನಾನು ಕನ್ನಡ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು ಹೌದು. ಆದರೆ ಕಳರಿಯ ಮಣ್ಣಿನಲ್ಲಿ ಕಾಲೂರಿದವನಲ್ಲ, ಕರಾಟೆಯ ಬಿಳಿ ಅಂಗಿ ತೊಟ್ಟವನೂ ಅಲ್ಲ. ಹಾಗಾದರೆ ಈ ವಿಷಯದಲ್ಲಿ ಮಾತನಾಡಲು ನನಗೇನು ಯೋಗ್ಯತೆ? ಒಂದೇ ಒಂದು ಯೋಗ್ಯತೆ ಇದೆ. ಈ ಆಯ್ಕೆಯನ್ನು ನಾನು ಒಮ್ಮೆ ತಪ್ಪಾಗಿ ಮಾಡಿದವನು. ದೇವರ ನಡೆಯಲ್ಲಿ ನಿಂತು ಅದನ್ನು ಮುಚ್ಚಿಡುವುದು ಸರಿಯಲ್ಲ.

ನನ್ನ ಮಗಳ ಮಗ ನಮ್ಮ ಮನೆಯಲ್ಲಿಯೇ ಇದ್ದು ಶಾಲೆಗೆ ಹೋಗುತ್ತಿದ್ದ. ಚೂಟಿ ಹುಡುಗ, ಆದರೆ ಒಂದು ಕಡೆ ಕೂರುವವನಲ್ಲ. ಶಿಸ್ತು ಬರಲಿ, ಮೈಗೂ ಒಳ್ಳೆಯದು ಎಂದು ಅವನ ಒಂಬತ್ತನೆಯ ವಯಸ್ಸಿನಲ್ಲಿ ನಾನೇ ಕೈ ಹಿಡಿದು ಪೇಟೆಯ ಒಂದು ಶಾಲೆಗೆ ಸೇರಿಸಿದೆ. ಹೆಸರು ಬೇಡ. ಬಾಗಿಲಲ್ಲಿಯೇ ಕಪಾಟು ತುಂಬ ಟ್ರೋಫಿಗಳು, ಗೋಡೆ ತುಂಬ ಹಾರಿ ಒದೆಯುವ ಫೋಟೋಗಳು. ಇಷ್ಟು ತಿಂಗಳಲ್ಲಿ ಇಂತಹ ಬೆಲ್ಟು ಎಂದು ಬರೆದ ದೊಡ್ಡ ಬೋರ್ಡು. ನಾನು ನೋಡಿದ್ದು ಅಷ್ಟೇ. ಒಂದು ದಿನವಾದರೂ ಕುಳಿತು ತರಗತಿ ನೋಡಲಿಲ್ಲ. ಎರಡು ವರ್ಷದಲ್ಲಿ ಹುಡುಗನ ಸೊಂಟದಲ್ಲಿ ನಾಲ್ಕು ಬಣ್ಣ ಬದಲಾಯಿತು. ಪ್ರತಿ ಬಣ್ಣಕ್ಕೂ ಪರೀಕ್ಷೆಯ ಶುಲ್ಕ ಕೊಟ್ಟೆ, ಮನೆಗೆ ಬಂದವರ ಮುಂದೆಲ್ಲ ಅವನಿಂದ ಒದೆತ ತೋರಿಸಿ ಹಿಗ್ಗಿದೆ.

ಒಂದು ದಿನ ಶಾಲೆಯ ಅಂಗಳದಲ್ಲಿ ಕಬಡ್ಡಿ ಆಡುವಾಗ ಮಾತಿಗೆ ಮಾತು ಬೆಳೆಯಿತಂತೆ. ಇವನು ಕಲಿತದ್ದನ್ನು ತೋರಿಸಿಯೇ ಬಿಟ್ಟ. ಎದುರಿನ ಹುಡುಗ ಜಗಲಿಯ ಮೆಟ್ಟಿಲ ಮೇಲೆ ಬಿದ್ದು ಮೊಣಕೈಯ ಹತ್ತಿರ ಎಲುಬು ಮುರಿಯಿತು. ಸಂಜೆ ಅವರ ಮನೆಗೆ ಹೋದೆ. ಹುಡುಗನ ತಂದೆ ಅಡಿಕೆ ಮರ ಹತ್ತುವ ಕೆಲಸದವರು, ನನ್ನದೇ ಹಳೆಯ ವಿದ್ಯಾರ್ಥಿ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. ‘ಮಾಷ್ಟ್ರೇ, ನನಗೆ ಅಕ್ಷರ ಹೇಳಿಕೊಟ್ಟವರು ನೀವು. ನಿಮಗೆ ನಾನು ಏನು ಹೇಳಲಿ?’ ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಆ ಕಲಿಸುವವರ ಬಳಿಗೆ ಹೋಗಿ ನಡೆದುದನ್ನು ಹೇಳಿದೆ. ಅವರು ನಕ್ಕು, ಹುಡುಗನಿಗೆ ಧೈರ್ಯ ಬಂದಿದೆ, ಇನ್ನು ಹೆದರಿಕೆ ಬೇಡ ಎಂದರು. ಮನೆಗೆ ಬಂದು ಮೊಮ್ಮಗನನ್ನು ಕೇಳಿದೆ, ‘ಸಿಟ್ಟು ಬಂತು, ಸರಿ. ಆದರೆ ನಡುವೆ ನಿಲ್ಲಿಸಬಹುದಿತ್ತಲ್ಲ ಮಗಾ?’ ಅವನು ಅಳುತ್ತಾ ಹೇಳಿದ, ‘ನಿಲ್ಲಿಸುವುದು ಹೇಗೆ ಅಂತ ಹೇಳಿಕೊಟ್ಟಿಲ್ಲ ಅಜ್ಜ.’

ಭಕ್ತ ಮಹಾಶಯರೇ, ಮಗು ಹೇಳಿದ ಆ ಮಾತಿನಲ್ಲಿ ಮಹಾಭಾರತವೇ ಇತ್ತು. ಯುದ್ಧ ಮುಗಿದ ಮೇಲಿನ ಕಥೆ ನಿಮಗೆ ಗೊತ್ತಿದೆ. ಮಲಗಿದ್ದ ಉಪಪಾಂಡವರನ್ನು ಕೊಂದ ಅಶ್ವತ್ಥಾಮ ಸಿಕ್ಕಿಬಿದ್ದಾಗ ಹುಲ್ಲುಕಡ್ಡಿಯನ್ನೇ ಮಂತ್ರಿಸಿ ಮಹಾಸ್ತ್ರವನ್ನು ಬಿಟ್ಟ. ಅದಕ್ಕೆ ಪ್ರತಿಯಾಗಿ ಅರ್ಜುನನೂ ಬಿಟ್ಟ. ಎರಡು ಅಸ್ತ್ರಗಳು ಕೂಡಿದರೆ ಲೋಕಕ್ಕೇ ಆಪತ್ತೆಂದು ವ್ಯಾಸರೂ ನಾರದರೂ ನಡುವೆ ಬಂದು ನಿಂತು, ಇಬ್ಬರೂ ಹಿಂದಕ್ಕೆ ಪಡೆಯಿರಿ ಎಂದರು. ಅರ್ಜುನ ಹಿಂದಕ್ಕೆ ಪಡೆದ. ಅಶ್ವತ್ಥಾಮನಿಂದ ಆಗಲಿಲ್ಲ. ಬಿಡುವುದು ಗೊತ್ತಿತ್ತು, ಉಪಸಂಹಾರ ಗೊತ್ತಿರಲಿಲ್ಲ. ಕೊನೆಗೆ ಆ ಅಸ್ತ್ರ ಹೋಗಿ ಬಿದ್ದದ್ದು ಉತ್ತರೆಯ ಗರ್ಭದಲ್ಲಿದ್ದ ಕೂಸಿನ ಮೇಲೆ. ಜಗಳ ದೊಡ್ಡವರದು, ಪೆಟ್ಟು ಏನೂ ಅರಿಯದ ಮಗುವಿಗೆ.

ಇಬ್ಬರಿಗೂ ಗುರು ಒಬ್ಬರೇ, ದ್ರೋಣಾಚಾರ್ಯರು. ಹಾಗಾದರೆ ವ್ಯತ್ಯಾಸ ಎಲ್ಲಿ ಬಂತು? ಅರ್ಜುನನಿಗೆ ದ್ರೋಣರು ಅವನ ಯೋಗ್ಯತೆ ನೋಡಿ ಕೊಟ್ಟರು. ಮಗನಿಗೆ ಅವನು ಹಟ ಹಿಡಿದನೆಂದು, ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟರು. ಅದು ಪುತ್ರವಾತ್ಸಲ್ಯ. ನಾನು ಮೊಮ್ಮಗನಿಗೆ ಬೆಲ್ಟು ಕೊಡಿಸಿದ್ದೂ ಅದೇ ವಾತ್ಸಲ್ಯದಿಂದ. ಆದ್ದರಿಂದ ನಾನು ಹೇಳಬೇಕಾದ ಮಾತು ಇಷ್ಟೇ. ಮಕ್ಕಳನ್ನು ಸಮರಕಲೆಗೆ ಕಳುಹಿಸುವುದು ಒಳ್ಳೆಯದು. ಆದರೆ ಪ್ರಯೋಗವನ್ನು ಮಾತ್ರ ಕಲಿಸುವ ಶಾಲೆ ಬೇಡ, ಉಪಸಂಹಾರವನ್ನೂ ಕಲಿಸುವ ಶಾಲೆ ಬೇಕು. ಯಾವ ದೇಶದ ವಿದ್ಯೆ, ಯಾವ ಹೆಸರಿನ ವಿದ್ಯೆ ಎಂಬುದು ಆಮೇಲಿನ ಪ್ರಶ್ನೆ.

ಯಾಕೆ ಹೀಗೆ ಹೇಳುತ್ತೇನೆಂದರೆ, ಕೈಯೆತ್ತುವುದಕ್ಕೆ ಮೊದಲು ಕೈಮುಗಿಯುವುದನ್ನು ಕಲಿಸುವುದು ಎಲ್ಲ ಒಳ್ಳೆಯ ವಿದ್ಯೆಗಳ ಕ್ರಮವೇ ಆಗಿದೆ. ನಮ್ಮ ನಾಡಿನಿಂದಲೇ ಪ್ರಾರಂಭಿಸೋಣ. ಮೈಸೂರು ಕಡೆ ಗರಡಿಮನೆ ಎಂದರೆ ಪೈಲ್ವಾನರು ಸಾಮು ಮಾಡುವ ಜಾಗ. ನಮ್ಮ ತುಳುನಾಡಿನಲ್ಲಿ ಗರಡಿ ಎಂದರೆ ಕೋಟಿ ಚೆನ್ನಯರನ್ನು ಆರಾಧಿಸುವ ಪವಿತ್ರ ಸ್ಥಾನ. ಒಂದೇ ಹೆಸರು, ಎರಡು ಕೆಲಸ. ಸಾಮಿನ ಜಾಗವೂ ಪೂಜೆಯ ಜಾಗವೂ ನಮ್ಮ ಹಿರಿಯರಿಗೆ ಬಹಳ ದೂರದ್ದಾಗಿರಲಿಲ್ಲ ಎಂಬುದು ಆ ಹೆಸರಿನಿಂದಲೇ ತಿಳಿಯುತ್ತದೆ.

ಇನ್ನು ಕಳರಿ. ಪಯಸ್ವಿನಿ ದಾಟಿ ತೆಂಕು ದಿಕ್ಕಿಗೆ ಹೋದರೆ ಕಣ್ಣೂರು, ತಲಶ್ಶೇರಿ, ವಡಗರ ಇವೆಲ್ಲ ವಡಕ್ಕನ್ ಶೈಲಿಯ ಕಳರಿಪ್ಪಯಟ್ಟಿನ ತವರು. ನಮ್ಮ ಜಿಲ್ಲೆಯಲ್ಲಿಯೂ ಕಳರಿಗಳಿವೆ. ಹಳೆಯ ಕ್ರಮದ ಕಳರಿಯನ್ನು ನೆಲ ಅಗೆದು ತಗ್ಗಿನಲ್ಲಿ ಮಾಡುತ್ತಾರೆ. ಉದ್ದ 42 ಅಡಿ, ಅಗಲ 21 ಅಡಿ, ಪೂರ್ವಕ್ಕೆ ಬಾಗಿಲು. ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲಿನ ಪೂತ್ತರ, ಅದರ ಬಳಿಯಲ್ಲಿ ಗುರುತ್ತರ. ಶಿಷ್ಯನು ಬಲಗಾಲಿಟ್ಟು ಇಳಿಯಬೇಕು, ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು, ಪೂತ್ತರಕ್ಕೂ ಗುರುವಿಗೂ ನಮಸ್ಕರಿಸಬೇಕು. ಆ ಮೇಲೆ ಅಭ್ಯಾಸ.

ಅಭ್ಯಾಸದಲ್ಲಿಯೂ ನಾಲ್ಕು ಹಂತ. ಮೊದಲನೆಯದು ಮೆಯ್ತಾರಿ, ಅಂದರೆ ಬರಿಯ ಮೈಯ ಅಭ್ಯಾಸ. ಕಾಲೆತ್ತುವುದು, ಬಗ್ಗುವುದು, ಆನೆ, ಸಿಂಹ, ಕುದುರೆ, ಹಂದಿ, ಹಾವು, ನವಿಲು ಮೊದಲಾದ ಪ್ರಾಣಿಗಳ ನಿಲುವಿನಲ್ಲಿ ನಿಲ್ಲುವುದು. ಮೈಯೆಲ್ಲ ಕಣ್ಣಾದ ಮೇಲೆ ಎರಡನೆಯದು ಕೋಲ್ತಾರಿ, ಮರದ ಕೋಲುಗಳು. ಮೂರನೆಯದು ಅಂಗತ್ತಾರಿ, ಕಠಾರಿ, ಕತ್ತಿ ಗುರಾಣಿ, ಈಟಿ, ಉರುಮಿ. ನಾಲ್ಕನೆಯದು ವೆರುಂಕೈ, ಬರಿಗೈಯ ವಿದ್ಯೆ. ಇಲ್ಲಿ ಒಂದು ಸೂಕ್ಷ್ಮವಿದೆ. ಬರಿಗೈಯಿಂದ ಮನುಷ್ಯನ ಮರ್ಮಸ್ಥಾನಕ್ಕೆ ಹೊಡೆಯುವ ವಿದ್ಯೆಯನ್ನು ಕೊನೆಗೆ ಇಟ್ಟಿದ್ದಾರೆ, ಅದೂ ಗುರು ಒಪ್ಪಿದವರಿಗೆ ಮಾತ್ರ. ಆ ಮರ್ಮ ಬಲ್ಲ ಗುರುಕ್ಕಳೇ ಆಟಿ ತಿಂಗಳಲ್ಲಿ ಎಣ್ಣೆ ಹಚ್ಚಿ ಉಳಿಚ್ಚಿಲ್ ಮಾಡುವವರು, ಉಳುಕಿದ್ದನ್ನು ಸರಿಪಡಿಸುವವರು. ನೋಯಿಸಬಲ್ಲ ಕೈಯೇ ವಾಸಿ ಮಾಡುವ ಕೈಯೂ ಆಗಿರಬೇಕೆಂಬುದು ಆ ವಿದ್ಯೆಯ ಕಟ್ಟಳೆ.

19ನೆಯ ಶತಮಾನದ ಆರಂಭದಲ್ಲಿ, ಪಳಶ್ಶಿ ರಾಜನ ಹೋರಾಟವನ್ನು ಹತ್ತಿಕ್ಕಿದ ಕಾಲದಲ್ಲಿ, ಕಂಪೆನಿ ಸರಕಾರವು ಮಲಬಾರಿನಲ್ಲಿ ಆಯುಧಗಳ ಮೇಲೆ ನಿರ್ಬಂಧ ಹಾಕಿತು. ಕಳರಿಗಳು ಬಡವಾದವು. ಆದರೆ ಕೊಟ್ಟಕ್ಕಲ್ ಕಣಾರನ್ ಗುರುಕ್ಕಳ್, ಅವರ ಶಿಷ್ಯ ಸಿ.ವಿ. ನಾರಾಯಣನ್ ನಾಯರ್ ಮೊದಲಾದವರ ಶ್ರಮದಿಂದ 20ನೆಯ ಶತಮಾನದಲ್ಲಿ ಆ ವಿದ್ಯೆ ಮತ್ತೆ ಚಿಗುರಿತು. ವಡಗರದ ಮೀನಾಕ್ಷಿ ಅಮ್ಮ ಏಳನೆಯ ವಯಸ್ಸಿಗೆ ಕಳರಿಗೆ ಇಳಿದವರು, ಎಪ್ಪತ್ತು ದಾಟಿದ ಮೇಲೂ ಕತ್ತಿ ಹಿಡಿದು ಮಕ್ಕಳಿಗೆ ಕಲಿಸಿದವರು. ಅವರ ಪತಿ ರಾಘವನ್ ಗುರುಕ್ಕಳ್ 1949ರಲ್ಲಿ ಪ್ರಾರಂಭಿಸಿದ ಆ ಕಳರಿಯಲ್ಲಿ ನಿಗದಿಯಾದ ಶುಲ್ಕವಿಲ್ಲ, ಶಿಷ್ಯರು ಕೊಟ್ಟ ಗುರುದಕ್ಷಿಣೆ ಮಾತ್ರ. 2017ರಲ್ಲಿ ಅವರಿಗೂ 2023ರಲ್ಲಿ ಕಣ್ಣೂರಿನ ಎಸ್.ಆರ್.ಡಿ. ಪ್ರಸಾದ್ ಗುರುಕ್ಕಳರಿಗೂ ಪದ್ಮಶ್ರೀ ಸಂದಿತು.

ಹಾಗೆಂದು ಹೊರಗಿನಿಂದ ಬಂದ ವಿದ್ಯೆಯೆಲ್ಲ ಕೀಳು ಎಂದು ನಾನು ಹೇಳಲಾರೆ. ಜೂಡೋವನ್ನು ರೂಪಿಸಿದ ಜಪಾನಿನ ಜಿಗೋರೋ ಕಾನೋ ತಮ್ಮ ಶಾಲೆಯನ್ನು 1882ರಲ್ಲಿ ಪ್ರಾರಂಭಿಸಿದ್ದು ಟೋಕಿಯೋದ ಒಂದು ಬೌದ್ಧ ದೇವಾಲಯದಲ್ಲಿ, ಕೇವಲ 12 ಚಾಪೆ ಹಾಸುವಷ್ಟು ಜಾಗದಲ್ಲಿ. ಅವರು ವೃತ್ತಿಯಲ್ಲಿ ಶಿಕ್ಷಕರು. ಒಕಿನಾವಾ ದ್ವೀಪದಿಂದ ಬಂದು 1922ರಲ್ಲಿ ಟೋಕಿಯೋದಲ್ಲಿ ಕರಾಟೆಯನ್ನು ಪ್ರದರ್ಶಿಸಿ ಹರಡಿದ ಗಿಚಿನ್ ಫುನಾಕೋಶಿಯವರೂ ಶಾಲಾ ಮಾಷ್ಟ್ರೇ. ಕರಾಟೆ ಗೊತ್ತಿದ್ದವನು ಮೊದಲು ಕೈಮಾಡುವವನಾಗಬಾರದು, ಅಭ್ಯಾಸ ನಮಸ್ಕಾರದಿಂದ ಪ್ರಾರಂಭವಾಗಿ ನಮಸ್ಕಾರದಲ್ಲಿಯೇ ಮುಗಿಯಬೇಕು ಎಂಬುದು ಅವರ ನಿಯಮ.

ಜೂಡೋದಲ್ಲಿ ಮೊದಲ ಪಾಠ ಎದುರಾಳಿಯನ್ನು ಬೀಳಿಸುವುದಲ್ಲ, ತಾನು ಪೆಟ್ಟಾಗದಂತೆ ಬೀಳುವುದು. ಹಿಡಿತದಲ್ಲಿ ಸಿಕ್ಕವನು ಕೈಯಿಂದ ಎರಡು ಸಲ ತಟ್ಟಿದರೆ ಆ ಕ್ಷಣವೇ ಬಿಡಬೇಕು. ಕರಾಟೆಯಲ್ಲಿ ಜತೆಗಾರನ ಮೇಲೆ ಅಭ್ಯಾಸ ಮಾಡುವಾಗ ಗುದ್ದು ಮೈಗೆ ತಾಗುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಬೇಕು. ಬಲವಾಗಿ ಹೊಡೆಯುವುದಕ್ಕಿಂತ ಬಲವಾಗಿ ಬಂದ ಕೈಯನ್ನು ಅಲ್ಲೇ ನಿಲ್ಲಿಸುವುದು ಕಷ್ಟ. ಅದೇ ಉಪಸಂಹಾರ. ನನ್ನ ಮೊಮ್ಮಗನಿಗೆ ಹೇಳಿಕೊಡದೆ ಬಿಟ್ಟದ್ದು ಅದನ್ನೇ.

ಬೆಲ್ಟಿನ ಬಗ್ಗೆಯೂ ಒಂದು ಮಾತು. ಕಾನೋ ಅವರು ಮೊದಲ ಬಾರಿಗೆ ಕಪ್ಪು ಪಟ್ಟಿಯನ್ನು ಬಳಕೆಗೆ ತಂದದ್ದು 1880ರ ದಶಕದಲ್ಲಿ. ಕರಾಟೆಯವರು ಅದನ್ನು ಜೂಡೋದಿಂದ ತೆಗೆದುಕೊಂಡರು. ಹಳದಿ, ಹಸಿರು, ನೀಲಿ ಮುಂತಾದ ಬಣ್ಣಗಳು ಯುರೋಪಿನಲ್ಲಿ ಜೂಡೋ ಹರಡಿದಾಗ ಬಳಕೆಗೆ ಬಂದವು. ಮಕ್ಕಳಿಗೆ ಉತ್ಸಾಹ ಬರಲೆಂದು ಮಾಡಿದ ವ್ಯವಸ್ಥೆ, ತಪ್ಪೇನೂ ಇಲ್ಲ. ಆದರೆ ಬಣ್ಣ ವಿದ್ಯೆಯ ಗುರುತು, ವಿದ್ಯೆಯೇ ಅಲ್ಲ. ನಮ್ಮಲ್ಲಿ ಹೆಜ್ಜೆ ಕಲಿಯದವನಿಗೆ ಕಿರೀಟ ಕಟ್ಟಿ ರಂಗಸ್ಥಳಕ್ಕೆ ಬಿಟ್ಟರೆ ಭಾಗವತರು ಏನು ಮಾಡಿಯಾರು? ಹಾಗೆಯೇ ಇದು.

ಇಷ್ಟು ತಿಳಿದ ಮೇಲೆ ಶಾಲೆಯನ್ನು ಆರಿಸುವುದು ಹೇಗೆ? ನಾನು ತಪ್ಪಿನಿಂದ ಕಲಿತದ್ದನ್ನು, ಆ ಬಳಿಕ ಆರೇಳು ಕಡೆ ಸುತ್ತಿ ನೋಡಿದ್ದನ್ನು ಹೇಳುತ್ತೇನೆ.

ಮೊದಲನೆಯದು, ಒಂದು ಗಂಟೆ ಕುಳಿತು ನೋಡಿ. ಬೋರ್ಡು ನೋಡಬೇಡಿ, ತರಗತಿ ನೋಡಿ. ಹೆತ್ತವರು ಕುಳಿತು ನೋಡಬಾರದು ಎನ್ನುವ ಜಾಗಕ್ಕೆ ಮಗುವನ್ನು ಸೇರಿಸಲೇಬೇಡಿ. ನೋಡುವಾಗ ಚೆನ್ನಾಗಿ ಮಾಡುವ ಹುಡುಗನ ಮೇಲೆ ಕಣ್ಣಿಡಬೇಡಿ, ಸರಿಯಾಗಿ ಮಾಡಲಾಗದೆ ಒದ್ದಾಡುವ ಮಗುವಿನ ಮೇಲೆ ಇಡಿ. ಅವನನ್ನು ಗುರು ಹೇಗೆ ತಿದ್ದುತ್ತಾರೆ? ಗೇಲಿ ಮಾಡುತ್ತಾರೆಯೇ, ಹೊಡೆಯುತ್ತಾರೆಯೇ, ಹತ್ತಿರ ಬಂದು ಕಾಲು ಸರಿಯಾಗಿ ಇಡಿಸುತ್ತಾರೆಯೇ? ಇಬ್ಬರು ಮಕ್ಕಳು ಸಿಟ್ಟಾಗಿ ಸ್ವಲ್ಪ ಜೋರಾಗಿ ತಾಗಿಸಿಕೊಂಡರೆ ಗುರು ಏನು ಮಾಡುತ್ತಾರೆ? ನಿಲ್ಲಿಸಿ, ಪರಸ್ಪರ ವಂದಿಸಿ ಮತ್ತೆ ಪ್ರಾರಂಭಿಸುವಂತೆ ಮಾಡಿದರೆ ಅಲ್ಲಿ ಶಿಸ್ತು ಇದೆ. ಭಲೇ ಎಂದು ಚಪ್ಪಾಳೆ ತಟ್ಟಿದರೆ ಎದ್ದು ಬನ್ನಿ.

ಎರಡನೆಯದು, ಅವರು ಯಾರಲ್ಲಿ ಎಷ್ಟು ವರ್ಷ ಕಲಿತವರು ಎಂದು ವಿನಯದಿಂದ ಕೇಳಿ. ನಿಜವಾಗಿ ಕಲಿತವರು ತಮ್ಮ ಗುರುವಿನ ಹೆಸರನ್ನು ಸಂತೋಷದಿಂದ ಹೇಳುತ್ತಾರೆ. ಪ್ರಮಾಣಪತ್ರವನ್ನೂ ಕೇಳಬಹುದು, ತಪ್ಪಿಲ್ಲ. ಆದರೆ ಗೋಡೆಯಲ್ಲಿ ತೂಗುವ ಪತ್ರಕ್ಕಿಂತ ಹತ್ತು ವರ್ಷ ಅವರಲ್ಲಿಯೇ ಕಲಿಯುತ್ತಿರುವ ಒಬ್ಬ ಶಿಷ್ಯನ ನಡತೆ ದೊಡ್ಡ ಪ್ರಮಾಣ. ಅವನು ನಿಮ್ಮೊಡನೆ ಹೇಗೆ ಮಾತನಾಡುತ್ತಾನೆ ನೋಡಿ.

ಮೂರನೆಯದು, ಮೊದಲ ಮೂರು ತಿಂಗಳಲ್ಲಿ ಏನು ಕಲಿಸುತ್ತೀರಿ ಎಂದು ಕೇಳಿ. ನಿಲುವು, ಉಸಿರು, ಬೀಳುವುದು, ವಂದಿಸುವುದು, ಜಾಗ ಗುಡಿಸುವುದು ಎಂದರೆ ಒಳ್ಳೆಯದು. ಹತ್ತೇ ದಿನದಲ್ಲಿ ಹೊಡೆತ ಕಲಿಸಿ ಪ್ರದರ್ಶನಕ್ಕೆ ನಿಲ್ಲಿಸುತ್ತೇವೆ ಎಂದರೆ ಅದು ಜಾಹೀರಾತು.

ನಾಲ್ಕನೆಯದು, ಹಣದ ಲೆಕ್ಕ. ಗುರುವಿಗೂ ಸಂಸಾರವಿದೆ, ಶುಲ್ಕ ತೆಗೆದುಕೊಳ್ಳುವುದು ತಪ್ಪಲ್ಲ. ಆದರೆ ತಿಂಗಳಿಗೆ ಎಷ್ಟು, ಪರೀಕ್ಷೆಗೆ ಎಷ್ಟು, ಅಂಗಿಗೆ ಎಷ್ಟು, ಪಂದ್ಯಕ್ಕೆ ಎಷ್ಟು ಎಂಬುದನ್ನು ಮೊದಲೇ ಕೇಳಿ ಬರೆಸಿಕೊಳ್ಳಿ. ಇನ್ನೊಂದು ಪ್ರಶ್ನೆಯನ್ನೂ ಕೇಳಿ, ನಿಮ್ಮ ಪರೀಕ್ಷೆಯಲ್ಲಿ ಯಾರಾದರೂ ತೇರ್ಗಡೆಯಾಗದೆ ಉಳಿದದ್ದುಂಟೇ? ಹಣ ಕಟ್ಟಿದವರೆಲ್ಲ ತೇರ್ಗಡೆಯಾಗುವುದಾದರೆ ಅದು ಪರೀಕ್ಷೆಯಲ್ಲ, ಅಂಗಡಿ.

ಐದನೆಯದು, ಪೆಟ್ಟಿನ ವಿಷಯ. ಮೈಗೆ ಮೈ ತಾಗುವ ವಿದ್ಯೆಯಲ್ಲಿ ಸಣ್ಣ ಪೆಟ್ಟು ಸಹಜ. ಆದರೆ ಪ್ರಾಯದಲ್ಲಿ, ತೂಕದಲ್ಲಿ ಬಹಳ ಅಂತರವಿರುವ ಮಕ್ಕಳನ್ನು ಎದುರುಬದುರು ನಿಲ್ಲಿಸುತ್ತಾರೆಯೇ? ನೆಲ ಹೇಗಿದೆ? ಸೆಕೆಗಾಲದಲ್ಲಿ ನಡುನಡುವೆ ನೀರು ಕುಡಿಯಲು ಬಿಡುತ್ತಾರೆಯೇ? ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆಯೇ? ತಲೆಗೆ ಪೆಟ್ಟಾದ ಮಗುವನ್ನು ಅದೇ ದಿನ ವೈದ್ಯರಿಗೆ ತೋರಿಸಬೇಕು, ಅವರು ಹೇಳುವವರೆಗೆ ಮತ್ತೆ ಅಭ್ಯಾಸಕ್ಕೆ ಬಿಡಬಾರದು. ಗುಬ್ಬಚ್ಚಿಯಂತಹ ಮಕ್ಕಳಿಗೆ ನೋವು ಸಹಿಸಿದರೆ ಮಾತ್ರ ವೀರ ಎಂದು ಕಲಿಸುವವರಲ್ಲಿ ಜಾಗ್ರತೆ. ಉಬ್ಬಸ, ಹೃದಯದ ತೊಂದರೆ ಇರುವ ಮಕ್ಕಳ ವಿಷಯದಲ್ಲಿ ಸೇರಿಸುವ ಮೊದಲೇ ವೈದ್ಯರನ್ನು ಕೇಳಿ, ಗುರುವಿಗೂ ತಿಳಿಸಿ.

ಆರನೆಯದು, ಇದನ್ನು ತಾಯಂದಿರು ಗಮನವಿಟ್ಟು ಕೇಳಬೇಕು. ಈ ವಿದ್ಯೆಗಳಲ್ಲಿ ಮೈ ಮುಟ್ಟಿ ತಿದ್ದುವುದು ಇರುತ್ತದೆ, ಕಳರಿಯಲ್ಲಿ ಎಣ್ಣೆ ಉಳಿಚ್ಚಿಲ್ ಕೂಡ ಇದೆ. ಆದ್ದರಿಂದ ಎಲ್ಲವೂ ನಾಲ್ಕು ಜನರ ಕಣ್ಣೆದುರು ನಡೆಯಬೇಕು. ಮುಚ್ಚಿದ ಬಾಗಿಲಿನ ಒಳಗೆ ಒಂಟಿ ಮಗುವಿಗೆ ಪಾಠ ಬೇಡ, ಅದು ಗಂಡು ಮಗುವಾದರೂ ಸರಿ, ಹೆಣ್ಣು ಮಗುವಾದರೂ ಸರಿ. ಹುಡುಗಿಯರಿಗೆ ಉಡುಪು ಬದಲಾಯಿಸಲು ಪ್ರತ್ಯೇಕ ಜಾಗ ಬೇಕು, ಸಾಧ್ಯವಾದರೆ ಕಲಿಸಲು ಸ್ತ್ರೀಯರೂ ಇರಬೇಕು. ಮಗು ಏನಾದರೂ ಹೇಳಿದರೆ ಬಾಯಿ ಮುಚ್ಚಿಸಬೇಡಿ, ಗುರುನಿಂದೆ ಎಂದು ಹೆದರಬೇಡಿ. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಮಕ್ಕಳ ಮೇಲಿನ ಅಂತಹ ಅಪರಾಧವನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಈ ಸಂಖ್ಯೆಯನ್ನು ನಮ್ಮ ಸಭಾಭವನದ ಗೋಡೆಯಲ್ಲಿ ದೊಡ್ಡದಾಗಿ ಬರೆಸಬೇಕೆಂದು ಸಮಿತಿಯವರಲ್ಲಿ ನನ್ನ ವಿನಂತಿ.

ಏಳನೆಯದು, ಭಾಷೆ. ಗಡಿನಾಡ ಕನ್ನಡಿಗರಾದ ನಮಗೆ ಇದು ಬೇರೆಯೇ ಪ್ರಶ್ನೆ. ಕಳರಿಯಲ್ಲಿ ಗುರು ಬಾಯಿಂದ ಹೇಳಿಕೊಡುವ ವಾಯ್ತಾರಿ ಮಲಯಾಳದಲ್ಲಿ ಇರುತ್ತದೆ, ಕರಾಟೆಯ ಎಣಿಕೆ ಜಪಾನಿ ಭಾಷೆಯಲ್ಲಿ. 1956ರಿಂದ ನಾವು ನಮ್ಮ ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳಲು ಹೋರಾಡಿದವರು, ಆ ಅಭಿಮಾನ ನನಗೂ ಇದೆ. ಆದರೆ ವಿದ್ಯೆ ಇನ್ನೊಂದು ಭಾಷೆಯಲ್ಲಿದೆ ಎಂಬ ಕಾರಣಕ್ಕೆ ಬಾಗಿಲು ಹಾಕಿಕೊಳ್ಳುವುದು ಬೇಡ. ಇಷ್ಟು ಮಾತ್ರ ಖಚಿತಪಡಿಸಿಕೊಳ್ಳಿ, ‘ನಿಲ್ಲು’ ಎಂಬ ಮಾತು ಮಗುವಿಗೆ ಕೂಡಲೇ ಅರ್ಥವಾಗಬೇಕು, ಯಾಕೆ ಎಂದು ಕೇಳುವ ಧೈರ್ಯ ಮಗುವಿಗೆ ಇರಬೇಕು. ಅದಕ್ಕೆ ಒಪ್ಪುವ ಗುರುವಾದರೆ ಸಾಕು.

ಗುರುವನ್ನು ಪರೀಕ್ಷಿಸುವುದನ್ನು ಇಷ್ಟು ಹೇಳಿದ ಮೇಲೆ ನಮ್ಮನ್ನೂ ಪರೀಕ್ಷಿಸಿಕೊಳ್ಳಬೇಕಲ್ಲ? ಶಿಸ್ತು ಅಂಗಡಿಯಿಂದ ತರುವ ಸಾಮಾನಲ್ಲ, ದುಡ್ಡು ಕೊಟ್ಟು ಒಂದು ಮೂಟೆ ತಂದು ಹಾಕಲಾಗುವುದಿಲ್ಲ. ವಾರಕ್ಕೆ ಎರಡು ಗಂಟೆ ಗುರು ತಾಳ್ಮೆ ಕಲಿಸಿ, ಉಳಿದ ದಿನವೆಲ್ಲ ಮನೆಯಲ್ಲಿ ನಾವು ಕಿರುಚಾಡಿದರೆ ಮಗು ಯಾವುದನ್ನು ಕಲಿಯುತ್ತದೆ? ಸೇರಿಸಿದ ಮೇಲೆ ಮಳೆ ಬಂತು, ಮದುವೆ ಬಂತು ಎಂದು ತಪ್ಪಿಸಬೇಡಿ. ನೆರೆಮನೆಯವನಿಗೆ ಬೆಲ್ಟು ಸಿಕ್ಕಿತು, ನಮ್ಮವನಿಗೆ ಯಾಕಿಲ್ಲ ಎಂದು ಗುರುವಿನ ಬಳಿ ಜಗಳಕ್ಕೆ ಹೋಗಬೇಡಿ. ಬಂದ ನೆಂಟರ ಮುಂದೆ ಹೊಡೆತ ತೋರಿಸು ಎನ್ನಬೇಡಿ. ಆ ತಪ್ಪು ಮಾಡಿದವನು ನಾನು.

ಇನ್ನು ನನ್ನ ಮೊಮ್ಮಗನ ಕಥೆ ಮುಗಿಸುತ್ತೇನೆ. ಅವನನ್ನು ಆ ಶಾಲೆಯಿಂದ ಬಿಡಿಸಿದೆ. ಸುತ್ತಿ ನೋಡಿದ ಕಡೆಗಳಲ್ಲಿ ಒಬ್ಬ ಒಳ್ಳೆಯ ಕರಾಟೆ ಗುರುವನ್ನೂ ಕಂಡೆ. ಪ್ರತಿ ತರಗತಿಯ ಕೊನೆಯಲ್ಲಿ ಮಕ್ಕಳನ್ನು ಐದು ನಿಮಿಷ ಕಣ್ಣು ಮುಚ್ಚಿ ಕೂರಿಸಿ, ಶಾಲೆಯಲ್ಲಿ ಯಾರೊಡನೆಯಾದರೂ ಜಗಳವಾಯಿತೇ ಎಂದು ಕೇಳುತ್ತಿದ್ದರು. ಪ್ರವಾಸಿಗರ ಮುಂದೆ ಕತ್ತಿಯಿಂದ ಕಿಡಿ ಹಾರಿಸುವುದೇ ವಿದ್ಯೆ ಎಂದುಕೊಂಡ ಒಂದು ಕಳರಿಯನ್ನೂ ಕಂಡೆ. ಆದ್ದರಿಂದಲೇ ಹೆಸರು ನೋಡಬೇಡಿ ಎಂದದ್ದು. ಕೊನೆಗೆ ಮನೆಗೆ ಹತ್ತಿರವೆಂದು ಇನ್ನೊಂದು ಕಳರಿಗೆ ಕರೆದುಕೊಂಡು ಹೋದೆ. ವಯಸ್ಸಾದ ಗುರುಕ್ಕಳ್. ನಾನು ಮುಚ್ಚಿಡದೆ ಎಲ್ಲವನ್ನೂ ಹೇಳಿದೆ. ಅವರು ಹುಡುಗನನ್ನು ಹತ್ತಿರ ಕರೆದು, ಆ ಹುಡುಗನ ಕೈಯ ಪ್ಲಾಸ್ಟರ್ ಯಾವಾಗ ತೆಗೆಯುತ್ತಾರೆ ಎಂದು ಕೇಳಿದರು. ಆರು ವಾರ ಎಂದ. ‘ಹಾಗಾದರೆ ಆರು ವಾರ ನೀನು ಬಂದು ಮೇಲೆ ಕುಳಿತು ನೋಡು. ಅವನ ಕೈ ಬಿಚ್ಚಿದ ದಿನ ನೀನು ಕೆಳಗೆ ಇಳಿ’ ಎಂದರು.

ಆರು ವಾರ ಅವನು ಕಳರಿಯ ಅಂಚಿನಲ್ಲಿ ಕುಳಿತ. ಅಭ್ಯಾಸ ಮುಗಿದ ಮೇಲೆ ಗುಡಿಸಿದ, ಎಣ್ಣೆಯ ದೀಪ ಒರೆಸಿದ. ಸಂಜೆ ಹೋಗಿ ಆ ಹುಡುಗನಿಗೆ ನೋಟ್ಸು ಬರೆದುಕೊಟ್ಟು ಬಂದ. ಆಮೇಲೆ ಬಲಗಾಲಿಟ್ಟು ಇಳಿದ. ಒಂದು ವರ್ಷ ಬರೀ ಮೆಯ್ತಾರಿ, ಕೈಗೆ ಕೋಲು ಸಿಗಲಿಲ್ಲ. ‘ಬೇಸರವಾಯಿತೇ?’ ಎಂದು ಒಮ್ಮೆ ಕೇಳಿದೆ. ‘ಕಾಲು ನೋಯುತ್ತದೆ ಅಜ್ಜ, ಸಿಟ್ಟು ಬರುವಷ್ಟು ಶಕ್ತಿ ಉಳಿಯುವುದಿಲ್ಲ’ ಎಂದು ನಕ್ಕ.

ಈಗ ಅವನು ಸಾಧು ಸಂತನಾಗಿದ್ದಾನೆ ಎಂದು ನಾನು ಹೇಳುವುದಿಲ್ಲ. ಸಿಟ್ಟು ಈಗಲೂ ಬರುತ್ತದೆ. ಬಂದಾಗ ಒಂದು ಹೆಜ್ಜೆ ಹಿಂದಕ್ಕೆ ಇಡುತ್ತಾನೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಷ್ಟಕ್ಕೆ ಮೂರು ವರ್ಷ ಬೇಕಾಯಿತು. ಆದರೆ ಆ ಇನ್ನೊಬ್ಬ ಹುಡುಗನ ಕೈ ಇಂದಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಇವತ್ತು ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ಅವನು ಎಡಗೈಯಲ್ಲಿ ಅನ್ನದ ಬುಟ್ಟಿ ಹಿಡಿದು ಬಡಿಸುತ್ತಾ ಬಂದಾಗ ನನಗೆ ತುತ್ತು ಇಳಿಯಲಿಲ್ಲ. ಬಿಟ್ಟ ಅಸ್ತ್ರ ಎಲ್ಲಿಗೆ ಹೋಗಿ ಬೀಳುತ್ತದೆ ಎಂಬುದು ಬಿಟ್ಟವನ ಕೈಯಲ್ಲಿ ಇರುವುದಿಲ್ಲ.

ಆದ್ದರಿಂದ ಸಮಿತಿಯ ಹಿರಿಯರಲ್ಲಿ ನನ್ನ ಪ್ರಾರ್ಥನೆ. ಸಭಾಭವನದಲ್ಲಿ ತರಗತಿಗೆ ಜಾಗ ಕೊಡಿ, ಸಂತೋಷದಿಂದ ಕೊಡಿ. ದೇವರ ಅಂಗಳದಲ್ಲಿ ಮಕ್ಕಳು ಬೆವರು ಸುರಿಸುವುದು ಒಳ್ಳೆಯ ಸೇವೆಯೇ. ಆದರೆ ಬಾಡಿಗೆ ಯಾರು ಹೆಚ್ಚು ಕೊಡುತ್ತಾರೆ ಎಂದು ನೋಡಬೇಡಿ. ಅರ್ಜಿ ಹಾಕಿದ ಪ್ರತಿಯೊಬ್ಬರ ತರಗತಿಗೂ ಸಮಿತಿಯಿಂದ ಇಬ್ಬರು, ಅವರಲ್ಲಿ ಒಬ್ಬರು ತಾಯಿ, ಹೋಗಿ ಕುಳಿತು ನೋಡಿ ಬರಲಿ. ಕೇಳಬೇಕಾದ ಪ್ರಶ್ನೆಗಳನ್ನು ಕೇಳಲಿ. ಆಮೇಲೆ ತೀರ್ಮಾನ ಮಾಡಿ. ಅವಸರವಿಲ್ಲ.

ನಮ್ಮ ಮಕ್ಕಳ ಕೈಗೆ ಬಲವನ್ನೂ, ಆ ಕೈಯನ್ನು ತಡೆಯುವ ಬುದ್ಧಿಯನ್ನೂ ಶ್ರೀ ದೇವರು ಒಟ್ಟಿಗೇ ಕರುಣಿಸಲಿ ಎಂದು ಪ್ರಾರ್ಥಿಸಿ ನನ್ನ ಮಾತನ್ನು ಮುಗಿಸುತ್ತೇನೆ.